ಅಪ್ಪನ ಚಿತ್ರಕ್ಕೆ ಕೆಂಪು ಚುಕ್ಕಿ

"ನಮ್ಮಪ್ಪನ್ನ ಯಾರಿಗೆ ಮಾರಿದೆ?"

ಗ್ಯಾಲರಿಯಲ್ಲಿದ್ದ ನಾಲ್ವರೂ ಪ್ರವಾಸಿಗರು ತಿರುಗಿ ನೋಡಿದರು. ನೋಡಲಿ. ಅವಳ ಸಿಟ್ಟು ನೆತ್ತಿಗೇರಿತ್ತು.

ಕಡಲತೀರದ ಸಣ್ಣ ಊರುಗಳ ಬೀಚು, ಲೈಟ್‌ಹೌಸು, ಗ್ಯಾಲರಿ ಸುತ್ತಿ ಪ್ರವಾಸಿ ಕೈಪಿಡಿ ಬರೆಯುವುದು ಅವಳ ಕೆಲಸ. ತಾನು ಹುಟ್ಟಿದ ಈ ಊರನ್ನು ಮಾತ್ರ ಒಂದು ವರ್ಷದಿಂದ ತಪ್ಪಿಸುತ್ತಿದ್ದಳು. ಇವತ್ತು ವಿಧಿಯಿಲ್ಲದೆ ಬಂದರೆ, ಎದುರು ಗೋಡೆಯ ಚಿತ್ರದಲ್ಲಿ ಅಪ್ಪ! ತಾನು ಕಾಯುತ್ತಿದ್ದ ಲೈಟ್‌ಹೌಸಿನ ದೊಡ್ಡ ಗಾಜು ಒರೆಸುತ್ತಾ, ಥೇಟ್ ಬದುಕಿದ್ದಾಗಿನ ಹಾಗೇ. ಚೌಕಟ್ಟಿನ ಮೂಲೆಯಲ್ಲೊಂದು ಕೆಂಪು ಚುಕ್ಕಿ. ಅಂದರೆ ಮಾರಾಟವಾಗಿದೆ.

ಚಿತ್ರಗಾರ ಏಣಿಯಿಂದ ಇಳಿದ. ಮದುವೆಯಾದರೆ ಇವನನ್ನೇ ಎಂದು ಅಪ್ಪನ ಬಳಿ ಅವಳು ಹಠ ಹಿಡಿದಿದ್ದ ಕಾಲವೊಂದಿತ್ತು.

"ಕೂತು ಮಾತಾಡೋಣ..."

"ಕೂರೋಕೆ ಬಂದಿಲ್ಲ. ಹಾಸಿಗೆ ಹಿಡಿದಾಗ ಅಪ್ಪ ಎಷ್ಟು ಸಲ ಕೇಳಿದ್ರು, ಚಿತ್ರ ತೋರ್ಸು ಅಂತ? ಇನ್ನೊಂದು ವಾರ, ಇನ್ನೊಂದು ವಾರ ಅಂದೆ. ನೋಡದೇ ಹೋದ್ರು. ಈಗ ಯಾರದೋ ಮನೆ ಗೋಡೆಗೆ..."

ಇವನ ಮುಂದೆ ಮಾತ್ರ ಅಳಬಾರದು...

"ಚಿತ್ರದಲ್ಲಿ ಅವರ ಕೈ ಸರಿಯಾಗಿ ಬರ್ತಿರ್ಲಿಲ್ಲ. ಅಳಿಸ್ತಾನೇ ಇದ್ದೆ," ಎಂದ ತಲೆ ತಗ್ಗಿಸಿ. "ತಪ್ಪು ನಂದೇ."

ಅಷ್ಟೇ. ತನ್ನ ಪರವಾಗಿ ನಾಲ್ಕು ಮಾತಾಡಲು ಇವನಿಗೆ ಎಂದಾದರೂ ಬಾಯಿ ಬಂದಿತ್ತೇ? ಮೇಜಿನ ಹಿಂದಿದ್ದ ಗ್ಯಾಲರಿಯ ಒಡತಿಗೇ ತಡೆಯಲಾಗಲಿಲ್ಲ.

"ಮಾರಿಲ್ಲ ಕಣಮ್ಮ. ನಮ್ಮಲ್ಲಿ ತೂಗು ಹಾಕಿದ್ದನ್ನ ಯಾರು ಕೇಳಿದ್ರೂ ಮಾರ್ಲೇಬೇಕು. ಅದಕ್ಕೇ ಈ ಮಹಾರಾಯ ಸುಳ್ಳು ಚುಕ್ಕಿ ಅಂಟಿಸಿದಾನೆ. ಉಪ್ಪು ಗಾಳಿಗೆ ಅದು ಉದುರುತ್ತೆ, ಬೆಳಿಗ್ಗೆ ಬಂದು ಹೊಸದು ಅಂಟಿಸ್ತಾನೆ. ಎಂಟು ತಿಂಗಳಾಯ್ತು, ನಂಗೂ ಸಾಕಾಗಿದೆ."

ಅವಳು ಕೆಳಗೆ ನೋಡಿದಳು. ನೆಲದ ಹಲಗೆಗಳ ಸಂದಿಯಲ್ಲಿ ಬಣ್ಣ ಮಾಸಿದ ಚುಕ್ಕಿಗಳು ಬಿದ್ದಿದ್ದವು.

"ಮನೇಲೇ ಇಟ್ಕೋಬಹುದಿತ್ತಲ್ಲ?" ಸಿಟ್ಟು ಇನ್ನೂ ಇಳಿದಿರಲಿಲ್ಲ.

"ನೀನು ವಿಳಾಸ ಕೊಡದೆ ಹೋದೆ. ನನ್ನ ಮನೆಗಂತೂ ನೀನು ಬರಲ್ಲ. ಗ್ಯಾಲರಿಗಾದ್ರೆ... ಒಂದಲ್ಲ ಒಂದಿನ ಕೈಪಿಡಿ ಬರೆಯೋಕಾದ್ರೂ ಬರ್ತೀಯ ಅಂತ."

ಅವಳು ಚಿತ್ರದ ಹತ್ತಿರ ಹೋದಳು. ಅಪ್ಪನ ಹೆಬ್ಬೆರಳಿನ ಹಳೇ ಗಾಯದ ಗುರುತೂ ಅಲ್ಲಿತ್ತು. ಈಗ ಅಳು ತಡೆಯಲಿಲ್ಲ.

"ಅಪ್ಪ ನೋಡ್ಬೇಕಿತ್ತು."

"ಹೌದು. ಅದನ್ನ ಕ್ಷಮಿಸ್ಬೇಡ."

"ಕ್ಷಮಿಸಲ್ಲ. ಬದುಕಿರೋವರೆಗೂ ಬೈತೀನಿ."

"ಎಲ್ಲಿದ್ಕೊಂಡು?"

ಅವಳು ಚೌಕಟ್ಟಿನ ಚುಕ್ಕಿ ಕಿತ್ತು, ಅವನ ಅಂಗಿಯ ಜೇಬಿನ ಮೇಲೆ ಒತ್ತಿ ಅಂಟಿಸಿದಳು.

"ಇದ್ಯಾಕೆ?"

"ಇನ್ಯಾರೂ ಕೇಳಬಾರದು ಅಂತ," ಎಂದಳು ಮೂಗೊರೆಸಿಕೊಳ್ಳುತ್ತಾ. "ಉದುರಿದ್ರೆ ನಾನೇ ಅಂಟಿಸ್ತೀನಿ. ದಿನಾ."