ಬದುಕಿದ್ದವನ ಫೋಟೋಗೆ ಚೆಂಡುಹೂವು

ಸತ್ತವನೇ ಎದ್ದುಬಂದು ಗಾಡಿ ಹತ್ತಿದರೆ ಯಾರ ಎದೆ ತಾನೇ ಧಸಕ್ಕೆನ್ನುವುದಿಲ್ಲ?

ನೊಯೆಮಿ ಗಾಡಿ ಹತ್ತುತ್ತಿದ್ದವನನ್ನೇ ದಿಟ್ಟಿಸಿದಳು. ಕಪ್ಪು ಕನ್ನಡಕ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಗದ್ದದ ಮೇಲಿನ ಗಾಯದ ಗುರುತು ಮಾತ್ರ ಹಳೆಯದು.

ಎಫ್ರಾಯಿನ್...

ಹೋಟೆಲಿನ ಆಳು ಅವನ ಕೈಹಿಡಿದು ಅವಳ ತೆರೆದ ಟ್ಯಾಕ್ಸಿಯಲ್ಲಿ ಕೂರಿಸಿದ. ‘ಓಹೋ, ಸಾಹೇಬರಿಗೆ ಕೂರೋದಕ್ಕೂ ಈಗ ಆಳು ಬೇಕು’ ಎಂದುಕೊಂಡಳು ಅವಳು. ಅವನ ಮುಖ ಅವಳತ್ತಲೇ ಇತ್ತು. ಗುರುತು ಹಿಡಿದ ಸುಳಿವೇ ಇಲ್ಲ!

ಮಸಾತ್ಲಾನ್‌ಗೆ ಬಂದವರಿಗೆ ಊರು ತೋರಿಸುವುದು ನೊಯೆಮಿಯ ಕೆಲಸ. ಕಡಲದಂಡೆಯ ಬಂಡೆಯಿಂದ ಪ್ರವಾಸಿಗರ ಮುಂದೆ ನೀರಿಗೆ ಹಾರುವುದು ಒಂದು ಕಾಲಕ್ಕೆ ಎಫ್ರಾಯಿನ್‌ನ ಕೆಲಸವಾಗಿತ್ತು. ಇಬ್ಬರಿಗೂ ಮದುವೆ ಗೊತ್ತಾಗಿತ್ತು. ಅವಳ ಬಿಳಿ ಉಡುಪು ಹೊಲಿದು ಬಂದ ವಾರವೇ ಅವನು ಹೇಳದೆ ಕೇಳದೆ ಊರು ಬಿಟ್ಟ. ಯಾರೋ ಹೊರದೇಶದ ಹೆಂಗಸಿನ ಹಿಂದೆ ಹೋದನಂತೆ ಎಂದು ಬಂದರಿನವರು ಆಡಿಕೊಂಡರು.

ಕೈಬಿಟ್ಟ ಹೆಣ್ಣನ್ನು ಕಂಡರೆ ಊರು ನಗುತ್ತದೆ, ಸಾವಿಗೆ ಕಳೆದುಕೊಂಡವಳನ್ನು ಕಂಡರೆ ಅಯ್ಯೋ ಎನ್ನುತ್ತದೆ. ನಮ್ಮೂರೇನು ಅದಕ್ಕೆ ಹೊರತಲ್ಲ. ಆ ನವೆಂಬರಿನಲ್ಲಿ, ಸತ್ತವರು ಮನೆಗೆ ಬರುವ ಹಬ್ಬದ ದಿನ, ನೊಯೆಮಿ ಅಜ್ಜ ಅಜ್ಜಿಯರ ಫೋಟೋಗಳ ಪಕ್ಕ ಅವನದ್ದನ್ನೂ ಇಟ್ಟಳು. ಚೆಂಡುಹೂವು ಹಾಕಿ, ಮೇಣದ ಬತ್ತಿ ಹಚ್ಚಿ, ಅವನಿಗಿಷ್ಟದ ಸಿಗಡಿ ಬಡಿಸಿದಳು. ಬದುಕಿದ್ದವರ ಫೋಟೋ ಅಲ್ಲಿಟ್ಟರೆ ಸಾವನ್ನು ಕರೆದಂತೆ. ತೆಗಿಯೇ ಎಂದು ತಾಯಿ ಗೋಗರೆದರೂ ಅವಳು ತೆಗೆಯಲಿಲ್ಲ.

ಅಂದಿನಿಂದ ಪ್ರತಿ ಹಬ್ಬಕ್ಕೂ ಆ ಫೋಟೋ ಇಟ್ಟಳು, ಬಂಡೆಯ ಬಳಿ ಪ್ರವಾಸಿಗರಿಗೆ ಅವನ ಸಾವಿನ ಕಥೆ ಹೇಳತೊಡಗಿದಳು. ಸುಳ್ಳು ಕಥೆಯೇ, ಆದರೆ ಹೇಳುವಾಗ ಬರುತ್ತಿದ್ದ ಕಣ್ಣೀರು ಸುಳ್ಳಲ್ಲ.

ಇವತ್ತು ಅವನಿಗೂ ಗಾಡಿಯಲ್ಲಿದ್ದ ಇತರರಿಗೂ ಹಳೆ ನಾಟಕಶಾಲೆ, ಮಾರುಕಟ್ಟೆ, ದೀಪಸ್ತಂಭದ ಗುಡ್ಡ ಎಲ್ಲ ತೋರಿಸಿದಳು. ಪ್ರತಿ ಜಾಗದಲ್ಲೂ ಅವನಿಗೆ ತಾಗುವಂತೆ ಒಂದೊಂದು ಮಾತು ಚುಚ್ಚಿದಳು. ಅವನು ಕಿವಿಗೊಟ್ಟು ಕೇಳುತ್ತಾ ಕೂತ.

ಕೊನೆಗೆ ಬಂಡೆ ಬಂತು. ಮೇಲೆ ಹಾರುವವನೊಬ್ಬ ಕೆಳಗಿನ ನೀರು ಆಳವಾಗಲೆಂದು ದೊಡ್ಡ ಅಲೆಗಾಗಿ ಕಾಯುತ್ತಿದ್ದ. ನೊಯೆಮಿ ಕಪ್ಪು ಕನ್ನಡಕವನ್ನೇ ದಿಟ್ಟಿಸಿ ಶುರುಮಾಡಿದಳು.

“ನಾನು ಮದುವೆ ಆಗ್ಬೇಕಿದ್ದವನು ಇಲ್ಲೇ ಸತ್ತ. ಅಲೆ ಬರೋ ಮುಂಚೆನೇ ಹಾರಿದ. ಹೆಣ ಸಿಗೋ ಹೊತ್ತಿಗೆ ಏಡಿಗಳು ಮುಖಾನೇ ತಿಂದುಬಿಟ್ಟಿದ್ವು.”

ಗ್ವಾದಲಹಾರಾದಿಂದ ಬಂದಿದ್ದ ಮುದುಕಿ ಕಣ್ಣೊರೆಸಿಕೊಂಡಳು. “ಪಾಪ... ಒಳ್ಳೆ ಹುಡುಗನೇನಮ್ಮಾ?”

“ಇಲ್ಲಮ್ಮ. ಸತ್ತಿದ್ದೊಂದೇ ಅವನು ಮಾಡಿದ ಒಳ್ಳೆ ಕೆಲಸ.”

ಎಫ್ರಾಯಿನ್‌ನ ಗದ್ದ ಒಮ್ಮೆ ನಡುಗಿತು. ‘ನೋಯ್ತಾ? ನೋಯಲಿ!’ ಅವಳಿಗೆ ಹಿತವೆನಿಸಿತು.

ಅಷ್ಟರಲ್ಲಿ ಮೇಲಿದ್ದವನು ಹಾರಿದ. ಎಲ್ಲರ ತಲೆಯೂ ಅವನ ಜೊತೆಗೇ ಕೆಳಗಿಳಿಯಿತು. ನೀರು ಎದ್ದು ಬಿತ್ತು, ಜನ ಚಪ್ಪಾಳೆ ತಟ್ಟಿದರು.

ಎಫ್ರಾಯಿನ್ ಮಾತ್ರ ಇನ್ನೂ ಬರಿದಾದ ಬಂಡೆಯ ತುದಿಯತ್ತಲೇ ಮುಖವೆತ್ತಿ ಕೂತಿದ್ದ.

ನೊಯೆಮಿ ಅವನ ಕನ್ನಡಕದ ಮುಂದೆ ಕೈಯಾಡಿಸಿದಳು. ಅವನು ಕದಲಲಿಲ್ಲ.

ಉಳಿದವರು ಫೋಟೋ ತೆಗೆಯಲು ದಂಡೆಗೆ ಇಳಿದರು.

“ಕಣ್ಣು...” ಅವಳು ಅವನ ಹತ್ತಿರಕ್ಕೆ ಬಗ್ಗಿದಳು.

“ಹೋಯ್ತು ನೊಯೆಮಿ. ನೀರಿಗೆ ತಲೆ ಬಡಿದು ಬಡಿದೇ ಹೋಯ್ತು. ತಿಹುವಾನಾದಲ್ಲಿ ಆಪರೇಷನ್ ಮಾಡಿದ್ರೆ ಉಳೀಬಹುದು ಅಂದ್ರು. ವಾಸಿಯಾದ ಮೇಲೆ ಬಂದು ಹೇಳೋಣ ಅನ್ಕೊಂಡೆ. ವಾಸಿಯಾಗ್ಲಿಲ್ಲ.”

“ಒಂದು ಮಾತು ಹೇಳೋಕೆ ಏನಾಗಿತ್ತೋ ನಿಂಗೆ?”

“ಕುರುಡನ್ನ ಕಟ್ಕೋ ಅಂತ ಹ್ಯಾಗೆ ಹೇಳ್ಲಿ?”

ಅವಳು ಫಟ್ಟನೆ ಅವನ ಕೆನ್ನೆಗೆ ಬಾರಿಸಿದಳು. ಏಟು ಬರುವುದು ಕಾಣದೆ ಅವನು ಮುಖ ತಿರುಗಿಸಿಕೊಳ್ಳಲೂ ಇಲ್ಲ.

“ನಾನು ಒಲ್ಲೆ ಅಂತ ನೀನೇ ತೀರ್ಮಾನ ಮಾಡ್ಬಿಟ್ಟೆ. ಅಷ್ಟೇನಾ ನನ್ನ ತಿಳ್ಕೊಂಡಿದ್ದು?”

“ತಪ್ಪಾಯ್ತು. ನಿನ್ನ ಕಥೆ ಕೇಳಿ ಬಂದವಳೊಬ್ಬಳು ಅಲ್ಲಿ ಸಿಕ್ಕಿದ್ಲು. ಆ ಹುಡುಗಿ ಇನ್ನೂ ಅಳ್ತಾಳೆ ಅಂದ್ಲು. ಧ್ವನಿಯಾದ್ರೂ ಕೇಳ್ಕೊಂಡು ಹೋಗೋಣ ಅಂತ ಬಂದೆ.”

ನೊಯೆಮಿ ಅವನ ಮೊಣಕಾಲ ಮೇಲೆ ತಲೆಯಿಟ್ಟಳು. ಅವನು ಊರು ಬಿಟ್ಟ ವರ್ಷದ ಹಬ್ಬದಲ್ಲಿ ಸತ್ತವರ ನಡುವೆ ಅವನ ಫೋಟೋ ಇಟ್ಟಿದ್ದನ್ನು ಬಿಕ್ಕುತ್ತಲೇ ಹೇಳಿದಳು.

“ನನ್ನ ಶಾಪಾನೇ ತಟ್ತಾ ಎಫ್ರಾಯಿನ್? ನಿಜ ಹೇಳು, ಆಪರೇಷನ್ ಯಾವಾಗ ಆಗಿದ್ದು?”

ಆಪರೇಷನ್ ಕೆಟ್ಟಿದ್ದು ಆ ಹಬ್ಬದ ದಿನವೇ. ಆಸ್ಪತ್ರೆಯ ಪಡಸಾಲೆಯಲ್ಲಿ ಚೆಂಡುಹೂವಿನ ವಾಸನೆ ತುಂಬಿದ್ದು ಅವನಿಗೆ ಇನ್ನೂ ನೆನಪಿತ್ತು.

“ಹಬ್ಬಕ್ಕೂ ಎಷ್ಟೋ ಮುಂಚೆ,” ಎಂದ. “ನಿನ್ನ ಶಾಪಕ್ಕೆ ಅಷ್ಟೆಲ್ಲ ಶಕ್ತಿ ಎಲ್ಲಿಂದ ಬರ್ಬೇಕು, ಹುಚ್ಚಿ?”

ಅವಳು ನಂಬಿದಳು. ಅವನ ಕೈ ತಡಕಾಡುತ್ತಾ ಬಂದು ಅವಳ ಕೂದಲ ಮೇಲೆ ನಿಂತಿತು.

“ನನ್ನ ಫೋಟೋಗೆ ಏನು ಬಡಿಸ್ತಿದ್ದೆ?”

“ಸಿಗಡಿ. ಲಿಂಬೆಹುಳಿ, ಹಸಿಮೆಣಸು ಜಾಸ್ತಿ ಹಾಕಿ.”

“ಇಷ್ಟು ವರ್ಷ ಅವನೊಬ್ಬನೇ ತಿಂದ. ಇವತ್ತು ನಂಗೆ ಬಡಿಸ್ತೀಯಾ?”

“ಬಡಿಸ್ತೀನಿ. ಕಣ್ಣಲ್ಲಿ ನೀರು ಬರೋವಷ್ಟು ಖಾರ ಹಾಕ್ತೀನಿ, ನೋಡ್ತಿರು.”

“ಹಾಕು,” ಎಂದು ಅವನು ಕನ್ನಡಕ ತೆಗೆದ. “ನೀರು ಬರೋದಕ್ಕೇನೂ ಕಮ್ಮಿಯಾಗಿಲ್ಲ.”