ಎದುರಂಗಡಿಯ ಹೊಲಿಗೆ

"ಇನ್ನೂ ಎಷ್ಟು ಜನರ ಹತ್ರ ಉಪದೇಶ ಕೇಳ್ಬೇಕು ನಾನು?"

ಆಸ್ಪತ್ರೆಯ ಮೂರನೇ ಮಹಡಿಯ ಆ ಕೋಣೆಗೆ ಕಾಲಿಟ್ಟ ಕೂಡಲೇ ಅವಳ ಬಾಯಿಂದ ಬಂದ ಮೊದಲ ಮಾತು ಇದು. ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡವರು, ಮಾಡಿಸಿಕೊಳ್ಳಲೋ ಬೇಡವೋ ಎಂದು ಒದ್ದಾಡುವವರು ಶನಿವಾರ ಸಂಜೆ ಅಲ್ಲಿ ಸೇರುತ್ತಿದ್ದರು. ಅವರ ಜೊತೆ ಕೂತು ಮಾತಾಡಿದ ಮೇಲೇ ತಾರೀಖು ಕೊಡುವುದು ಎಂದು ಡಾಕ್ಟರು ಹಟ ಹಿಡಿದಿದ್ದರು. ಲಿಫ್ಟ್ ಬೇರೆ ಕೆಟ್ಟಿತ್ತು. ಮೆಟ್ಟಿಲು ಹತ್ತಿ ಬಂದ ಮಂಡಿಗಳು ಉರಿಯುತ್ತಿದ್ದವು.

ಬಾಗಿಲ ಬಳಿ ನಿಂತಿದ್ದ ಗಂಡಸು ನಗಲಿಲ್ಲ. ಕೈಯಿದ್ದ ಕುರ್ಚಿಯನ್ನು ಪಕ್ಕಕ್ಕೆ ಸರಿಸಿ, ಕೈಯಿಲ್ಲದ ಅಗಲ ಕುರ್ಚಿಯೊಂದನ್ನು ಅವಳ ಮುಂದೆ ಎಳೆದಿಟ್ಟ.

"ಮೊದಲು ಕೂತ್ಕೊಳ್ಳಿ. ನಾನು ಉಪದೇಶ ಶುರು ಮಾಡಿದ್ರೆ ಎದ್ದು ಹೋಗಿ."

ಕುರ್ಚಿಯ ಕೈಗಳ ನಡುವೆ ಸಿಕ್ಕಿಕೊಳ್ಳುವ ಭಯಕ್ಕೆ ಎಲ್ಲಿ ಹೋದರೂ ನಿಂತೇ ಇರುತ್ತಿದ್ದವಳು ಅವಳು. ಇವನಿಗೆ ಹೇಗೆ ಗೊತ್ತಾಯ್ತು...? ಅವಳು ಕೂತಳು. ಕೋಪ ಮಾತ್ರ ನಿಂತೇ ಇತ್ತು.

ಅವನು ಕಾರು ಓಡಿಸುವುದನ್ನು ಕಲಿಸುವವನು. ಕೆಲವು ವರ್ಷಗಳ ಹಿಂದೆ ಆಪರೇಷನ್ ಮಾಡಿಸಿಕೊಂಡು ಅರ್ಧಕ್ಕರ್ಧ ಇಳಿದವನು. ಹೊಸಬರ ಜೊತೆ ನಿಲ್ಲುತ್ತಿದ್ದ ಅವನನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಅವಳು ಟೈಲರು. ಊರವರ ಅಳತೆಯನ್ನೆಲ್ಲ ತೆಗೆಯುವವಳು ತನ್ನ ಸೊಂಟಕ್ಕೆ ಟೇಪು ಸುತ್ತಿ ವರ್ಷಗಳೇ ಆಗಿದ್ದವು. ಹಳೆಯ ಬಟ್ಟೆಯನ್ನು ಮುಂದಿಟ್ಟುಕೊಂಡು, ಅಂದಾಜಿಗೆ ಎರಡು ಬೆರಳು ಸೇರಿಸಿ ಹೊಲಿದುಕೊಳ್ಳುತ್ತಿದ್ದಳು.

ಮನೆಯಲ್ಲಿ ಬಿಟ್ಟಿ ಸಲಹೆಗೆ ಬರವಿರಲಿಲ್ಲ. ಬಾಯಿ ಕಟ್ಟಲಾಗದೆ ಹೊಟ್ಟೆ ಕೊಯ್ಸಿಕೊಳ್ಳುತ್ತಾಳೆ ಎಂದು ಅಣ್ಣ. ವಾಕಿಂಗ್ ಹೋಗಬಾರದೇ ಎಂದು ಅತ್ತಿಗೆ, ಅದೂ ಸೋಫಾದ ಮೇಲೆ ಕೂತು. ಆಪರೇಷನ್ ಎಂದರೆ ಅಳುವ ಅಮ್ಮ, ಮಗಳು ಒಂದು ತುತ್ತು ಕಡಿಮೆ ತಿಂದರೂ ಅಳುತ್ತಿದ್ದಳು. ನನ್ನ ದೇಹದ ಬಗ್ಗೆ ನನ್ನೊಬ್ಬಳನ್ನು ಬಿಟ್ಟು ಎಲ್ಲರಿಗೂ ಗೊತ್ತು!

ಮೇಷ್ಟ್ರು ಮಾತ್ರ ಮಾಡಿಸಿಕೋ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಮೊದಲ ವಾರಗಳಲ್ಲಿ ಗುಟುಕು ನೀರಿಗೂ ಹೊಟ್ಟೆ ಮುನಿಸಿಕೊಂಡದ್ದು, ಕೂದಲು ಉದುರಿದ್ದು, ಒಂದು ದಿನ ಸೀಟ್ ಬೆಲ್ಟ್ ಸರಾಗವಾಗಿ ಹಾಕಲು ಬಂದಾಗ ಕಾರು ನಿಲ್ಲಿಸಿ ಅತ್ತದ್ದು, ಎಲ್ಲವನ್ನೂ ಇದ್ದ ಹಾಗೆ ಹೇಳಿದ. ಆಮೇಲೆ ದಿನವೂ ಫೋನು. ಗುಂಡಿ ಕಿತ್ತ ಅಂಗಿ, ಹರಿದ ಜೇಬು ಎಂದು ನೆಪ ಹುಡುಕಿಕೊಂಡು ಅಂಗಡಿಗೂ ಬರತೊಡಗಿದ. ಗುಂಡಿಗಳನ್ನು ಇವನೇ ಕೀಳುತ್ತಾನೆ ಎಂದು ಅವಳಿಗೆ ಅನುಮಾನವಿತ್ತು. ತನ್ನ ಅಳತೆಯನ್ನು ಯಾರಿಗೂ ಕೊಡುವುದಿಲ್ಲ ಎಂದೂ ಒಮ್ಮೆ ಅವನಿಗೆ ಹೇಳಿದ್ದಳು. ಅವಳಿಗೆ ಅವನ ಮೇಲೆ ಪ್ರೀತಿ ಹುಟ್ಟಿತ್ತು. ಅದಕ್ಕೆ ಬೇರೆ ಹೆಸರಿಲ್ಲ.

ಅವಳ ಆಪರೇಷನ್‌ಗೆ ತಾರೀಖು ನಿಗದಿಯಾಯಿತು. ಅಲ್ಲಿಂದ ಅವನು ನಾಪತ್ತೆ! ಶನಿವಾರ ಬರಲಿಲ್ಲ. ಫೋನ್ ಎತ್ತಲಿಲ್ಲ. ಹೆದರಿಕೆ ಹೇಳಿಕೊಳ್ಳಬೇಕಾದ ಹೊತ್ತಿಗೆ ಕೇಳುವವನೇ ಇಲ್ಲ.

ಒಂದು ಮಧ್ಯಾಹ್ನ ಮಷೀನಿನಿಂದ ತಲೆಯೆತ್ತಿದರೆ, ಎದುರು ಸಾಲಿನ ಟೈಲರಂಗಡಿಯಿಂದ ಅವನು ಪೊಟ್ಟಣ ಹಿಡಿದು ಇಳಿಯುತ್ತಿದ್ದ. ಆ ಟೈಲರೋ, ಗುಂಡಿಗೆ ನೆಟ್ಟಗೆ ಒಂದು ಕಾಜಾ ಹಾಕಲು ಬಾರದವನು!

ಅವನು ಬೇರೆ ಹೆಂಗಸಿನ ಜೊತೆ ಸಿಕ್ಕಿದ್ದರೂ ಅಷ್ಟು ಉರಿಯುತ್ತಿರಲಿಲ್ಲವೇನೋ. ನನ್ನ ಮುಖ ನೋಡಬಾರದು ಅಂತ ಅವನ ಹತ್ರ ಹೋದರಾ? ನಾನು ಅಷ್ಟು ಬೇಡವಾದೆನಾ...?

ಕೊರಳಲ್ಲಿ ಟೇಪು ಜೋತಾಡುತ್ತಿದ್ದಂತೆ, ಮಂಡಿ ಬೈಯುತ್ತಿದ್ದರೂ ಬಿಡದೆ, ಅವಳು ರಸ್ತೆ ದಾಟಿದಳು.

"ಕೊಡಿ ಇಲ್ಲಿ."

ಅವನು ಪೊಟ್ಟಣವನ್ನು ಬೆನ್ನ ಹಿಂದೆ ಅಡಗಿಸಿದ. ಅವಳು ಕಿತ್ತುಕೊಂಡೇ ಬಿಚ್ಚಿದಳು. ಪ್ಯಾಂಟು. ಹಿಂಬದಿಯ ಹೊಲಿಗೆ ಬಿಚ್ಚಿ, ಒಳಗೆ ಮಡಚಿಟ್ಟಿದ್ದ ಬಟ್ಟೆಯನ್ನೆಲ್ಲ ಹೊರಗೆ ತಂದು ಸೊಟ್ಟಂಬಟ್ಟ ಹೊಲಿದಿದ್ದರು. ಇನ್ನು ಅಗಲ ಮಾಡಲು ಒಳಗೆ ಬಟ್ಟೆಯೇ ಉಳಿದಿರಲಿಲ್ಲ.

ಅವಳು ಅವನನ್ನು ನೋಡಿದಳು. ಅಂಗಿ ಹೊರಗೆ ಬಿಟ್ಟಿದ್ದ, ಆದರೂ ಮೈ ಬಂದದ್ದು ತಿಳಿಯುತ್ತಿತ್ತು. ಇಷ್ಟು ದಿನ ಅವನ ಮುಖ ನೋಡುವುದರಲ್ಲಿ ಸೊಂಟ ನೋಡುವುದನ್ನೇ ಈ ಟೈಲರು ಮರೆತಿದ್ದಳು.

ಅವಳ ಅಂಗಡಿಗೆ ಬಂದು, ಸ್ಟೂಲಿನ ಮೇಲೆ ಕೂತು ಅವನು ಎಲ್ಲ ಹೇಳಿದ. ಇಳಿದ ತೂಕದಲ್ಲಿ ಅರ್ಧ ಮರಳಿ ಬಂದಿತ್ತು. ಊಟ ಸೇರದ ದಿನಗಳಲ್ಲಿ ಬಿಸ್ಕತ್ತು ಸೇರುತ್ತಿತ್ತು, ದಿನವಿಡೀ ಕಾರಿನಲ್ಲಿ ಅದೇ ಊಟವಾಯಿತು. ಕಿರಿದು ಮಾಡಿದ್ದ ಹೊಟ್ಟೆಯೂ ಮತ್ತೆ ಹಿಗ್ಗಿತ್ತು. ನಾಚಿಕೆಯಿಂದ ತಪಾಸಣೆ ತಪ್ಪಿಸಿದ್ದ. ಈಗ ಡಾಕ್ಟರು ಇನ್ನೊಂದು ಆಪರೇಷನ್ ಮಾಡಬೇಕಾಗಬಹುದು ಎಂದಿದ್ದರು.

"ನನ್ನ ನೋಡಿ ನೀವು ಹೆದರ್ಕೊಂಡು ಆಪರೇಷನ್ನೇ ಬಿಟ್ಬಿಟ್ರೆ? ಮುಚ್ಚಿಟ್ರೆ ಅದೂ ಮೋಸ. ಏನ್ ಮಾಡ್ಬೇಕು ಅಂತ ತೋಚ್ಲಿಲ್ಲ. ಓಡಿಹೋದೆ."

"ಎಲ್ರೂ ನಂಗೆ ಬುದ್ಧಿ ಹೇಳ್ತಾರೆ ಮೇಷ್ಟ್ರೇ. ನಿಜ ಹೇಳ್ತಿದ್ದೋರು ನೀವೊಬ್ರೇ. ಅದನ್ನೂ ಕಿತ್ಕೊಂಡ್ರಲ್ಲ." ಅವಳ ಕಣ್ಣು ತುಂಬಿತು, ಆದರೆ ದನಿ ಇಳಿಯಲಿಲ್ಲ.

ಅವನು ತಲೆ ತಗ್ಗಿಸಿದ. ಆಮೇಲೆ ಕೇಳಿದ. "ಇನ್ನೂ ಮಾಡಿಸ್ಕೋತೀರಾ?"

"ಮಾಡಿಸ್ಕೋತೀನಿ. ನೋಯ್ತಿರೋದು ನನ್ನ ಮಂಡಿ, ನಿಮ್ಮದಲ್ಲ. ಆದ್ರೆ ಬಿಸ್ಕತ್ತಿನ ಕಥೇನ ಈ ಶನಿವಾರ ನೀವು ಅಲ್ಲಿ ಎಲ್ಲರ ಮುಂದೆ ಹೇಳ್ಬೇಕು. ನಾನು ಪಕ್ಕದಲ್ಲೇ ಕೂತಿರ್ತೀನಿ."

"ಯಾಕೆ?"

"ನೀವು ಅಂದ್ರೆ ನಂಗೆ ಇಷ್ಟ ಅದಕ್ಕೆ. ಆ ಗುಂಡಿಗಳನ್ನ ಯಾರು ಕಿತ್ತಿದ್ದು ಅಂತ ನಂಗೊತ್ತಿಲ್ವಾ?"

ಅವನ ಕಿವಿ ಕೆಂಪಾಯಿತು. ಹೌದೆಂದು ತಲೆಯಾಡಿಸಿದ.

ಅವಳು ಆ ಸೊಟ್ಟ ಹೊಲಿಗೆಯನ್ನು ಸರಸರ ಬಿಚ್ಚಿ ಹಾಕಿದಳು. ಬೇರೆ ಬಟ್ಟೆಯ ಪಟ್ಟಿ ಕೊಟ್ಟು ಹೊಸದಾಗಿ ಹೊಲಿಯಬೇಕು, ಎದ್ದು ನಿಲ್ಲಿ ಎಂದಳು. ಅವನ ಸೊಂಟಕ್ಕೆ ಟೇಪು ಸುತ್ತಿದಾಗ ಅವನು ಕಣ್ಣು ಮುಚ್ಚಿಕೊಂಡ.

"ಎಷ್ಟು ಅಂತ ಹೇಳ್ಬೇಡಿ."

"ಹೇಳಲ್ಲ."

ಆಮೇಲೆ ಅವಳು ಆ ಟೇಪನ್ನು ಅವನ ಕೈಗಿತ್ತು, ಬಾಗಿಲ ಪರದೆ ಎಳೆದು, ಅವನ ಮುಂದೆ ನಿಂತಳು. 

"ನಿಮ್ಮ ಅಳತೇನಾ? ಯಾರಿಗೂ ಕೊಡಲ್ಲ ಅಂದಿದ್ರಿ..."

"ಆಪರೇಷನ್‌ಗೆ ಮೊದಲಿನ ಅಳತೆ ಯಾರಾದ್ರೂ ತೆಗೀಬೇಕಲ್ಲ. ಎದುರಂಗಡಿಗೆ ಹೋಗ್ಲಾ?"

"ಬೇಡ," ಎಂದು ಅವನು ಟೇಪು ಬಿಚ್ಚಿದ.