ಶತ್ರು ವಿಮಾನದ ಮಾಟ

ತನ್ನನ್ನು ತಾನೇ ಹೊಡೆದುರುಳಿಸಿದ ಪೈಲಟ್ ಈ ಭೂಮಿಯ ಮೇಲೆ ಒಬ್ಬನೇ, ಅವನು ಭಾವ. ನಮ್ಮವರ ಹಳೆಯ ಯುದ್ಧವಿಮಾನವನ್ನು ಹಾರಿಸಿ, ಅದು ನೆಲ ಮುಟ್ಟುವ ಮೊದಲೇ ಶತ್ರುಗಳದ್ದನ್ನು ಏರಿ, ತನ್ನದೇ ಬೆನ್ನು ಹತ್ತಿ, ಮೋಡದಲ್ಲಿ ಮೂರು ಸುತ್ತು ಅಟ್ಟಾಡಿಸಿ ಬಾಲ ಕತ್ತರಿಸಿದನಂತೆ! ಹಳೆಯ ಯುದ್ಧದ ಎರಡೂ ಕಡೆಯ ವಿಮಾನಗಳನ್ನು ಜನರಿಗೆ ಹಾರಿಸಿ ತೋರಿಸುವ ಆ ಹ್ಯಾಂಗರಿಗೆ ಬಂದವರು ಹೊಟ್ಟೆ ಹಿಡಿದು ನಕ್ಕರು. ಭಾವ ಕಾದದ್ದೂ ಆ ನಗುವಿಗೇ. 'ಭಾವ' ಎಂಬುದು ಬಾಮೈದ ಕರೆಯುತ್ತಿದ್ದ ಹೆಸರು. ಕೇಳಿ ಕೇಳಿ ಎಲ್ಲರ ಬಾಯಲ್ಲೂ ನಿಂತಿತ್ತು.

ಬಾಮೈದ ಸತ್ತು ಆರು ತಿಂಗಳು. ತಮ್ಮ ನಿಜಕ್ಕೂ ಸತ್ತದ್ದು ಹೇಗೆಂದು ಕೇಳಲು ಭಾವನ ಹೆಂಡತಿ ಇಂದು ಮೊದಲ ಸಲ ಇಲ್ಲಿಗೆ ಬಂದು, ಬಾಗಿಲ ಬಳಿ ನಿಂತಿದ್ದಳು. ಭಾವ ಅವಳನ್ನು ನೋಡಲಿಲ್ಲ. ಶತ್ರು ವಿಮಾನ ನಿಲ್ಲುತ್ತಿದ್ದ ಖಾಲಿ ಜಾಗಕ್ಕೆ ಬೆರಳು ಮಾಡಿ ದನಿ ತಗ್ಗಿಸಿದ.

ನಮ್ಮ ವಿಮಾನದಲ್ಲಿ ಪಳಗಿದ್ದ ಬಾಮೈದ ಅಂದು ಮೊದಲ ಬಾರಿಗೆ ಶತ್ರು ವಿಮಾನ ಹತ್ತಲು ಹೊರಟಾಗ ಮುದುಕ ಮೆಕ್ಯಾನಿಕ್ ಅಡ್ಡ ನಿಂತನಂತೆ.

"ಬೇಡಪ್ಪ. ಇದನ್ನ ಹಾರಿಸ್ತಿದ್ದ ಹುಡುಗ ನಮ್ಮೋರ ಗುಂಡು ತಿಂದು ಈ ಸೀಟಲ್ಲೇ ಪ್ರಾಣ ಬಿಟ್ಟ. ಅವನ ತಾಯಿ ತನ್ನ ತಲೆಗೂದಲು ಸುತ್ತಿ ಕೆಳಗೆ ಮೊಳೆ ಹೊಡೆದಿದ್ದಾಳೆ. ನಮ್ಮ ಕಡೆಯೋರ ಕೈ ಇದನ್ನ ಮುಟ್ಟಬಾರದು."

"ಹಂಗಾದ್ರೆ ನಮ್ಮ ಭಾವನ ಬೋಳುತಲೆ ನೋಡಿ ಮಾಟವೇ ಓಡಿಹೋಗುತ್ತೆ ಬಿಡಜ್ಜ!" ಎಂದು ಬಾಮೈದ ಹತ್ತಿಯೇಬಿಟ್ಟ.

ಒಳಗೆ ಕಮಟು ಎಣ್ಣೆಯ ವಾಸನೆ. ಅದರಡಿಯಲ್ಲಿ ಸುಟ್ಟ ಕೂದಲಿನ ನಾತ. ಗಾಜಿನ ಮುಚ್ಚಳ ಎಳೆದದ್ದೇ ತಡ, ನಡುಹಗಲು ಮಸಿ ಬಳಿದಂತೆ ಕಪ್ಪಾಯಿತು. ಎಂಜಿನ್ನಿನ ಗುಡುಗಿನೊಳಗೆ ಯಾರೋ ಜೋಗುಳ ಗುನುಗುತ್ತಿದ್ದರು. ಹತ್ತು ನಿಮಿಷ ಹಾರಿ ಇಳಿಯಲು ತಿರುಗಿದ. ತುಸು ಕೆಳಗಾದ. ಎದುರಿಗೆ ಮರಗಳು. ಸೀಟಿನಡಿಯಿಂದ ಕೂದಲು ಹೊರಬಂತು. ಕಾಲಿಗೆ ಸುತ್ತಿತು. ತೊಡೆಗೇರಿತು. ಎಡಗೈ ಸಿಕ್ಕಿತು. ಹಿಮದಂಥ ಬೆರಳುಗಳು ಅವನ ಬೆರಳುಗಳ ಮೇಲೆ. ಕೈಯಲ್ಲಿದ್ದ ಹಿಡಿಯನ್ನು ಮುಂದಕ್ಕೆ ತಳ್ಳಿದವು. ಎಂಜಿನ್ ಸತ್ತಿತು. "ಅಮ್ಮಾ" ಎಂದ. "ಬಂದೆ ಮಗನೇ" ಎಂದಿತು ಅದು.

ಹ್ಯಾಂಗರ್ ಉಸಿರು ಬಿಗಿಹಿಡಿದಿತ್ತು.

"ರೀ," ಹೆಂಡತಿ ಬಾಗಿಲಿಂದಲೇ ಕೇಳಿದಳು, "ಅದು ಒಬ್ರೇ ಕೂರೋ ವಿಮಾನ ಅಲ್ವಾ? ಒಳಗೆ ಆಗಿದ್ದು ನಿಮಗೆ ಹೇಗೆ ಕಾಣಿಸ್ತು?"

ಭಾವ ನಗಲು ನೋಡಿದ. ಯಾರೂ ಜೊತೆಗೂಡಲಿಲ್ಲ.

"ಕೂದಲು, ಮೊಳೆ, ಇದೆಲ್ಲ ನಾನು ಹೇಳಿದ್ದಲ್ಲ ತಾಯಿ," ಎಂದ ಮುದುಕ ಮೆಕ್ಯಾನಿಕ್, ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು. "ನನ್ನ ಬಾಯಿಗೆ ಇವರೇ ತುರುಕಿದ್ದು."

"ನಮ್ಮಮ್ಮನಿಗೂ ಇದನ್ನೇ ಹೇಳಿದ್ರಲ್ಲ. ಆ ಸತ್ತ ಹುಡುಗನ ತಾಯಿಗೆ ದಿನಾ ಶಾಪ ಹಾಕ್ತಾ ಕೂತಿದ್ದಾಳೆ. ಇಲ್ಲದೇ ಇರೋ ಹೆಂಗಸಿಗೆ! ನನ್ನ ತಮ್ಮನ ಕೈಗೆ ಏನಾಯ್ತು, ಹೇಳಿ."

ಹುಡುಕಿದರೂ ಭಾವನಿಗೆ ಇನ್ನೊಂದು ಸುಳ್ಳು ಸಿಗಲಿಲ್ಲ.

"ಏನೂ ಆಗ್ಲಿಲ್ಲ ಕಣೇ. ರೂಢಿ. ನಮ್ಮ ವಿಮಾನದಲ್ಲಿ ಥ್ರಾಟಲ್ ಮುಂದಕ್ಕೆ ತಳ್ಳಿದ್ರೆ ಎಂಜಿನ್ ಜೋರು. ಅವರದ್ರಲ್ಲಿ ಉಲ್ಟಾ. ಹಿಂದಕ್ಕೆ ಎಳೀಬೇಕು. ಮರ ಕಂಡಾಗ ಗಾಬರಿಯಲ್ಲಿ ತಳ್ಳಿಬಿಟ್ಟ."

"ನೀವು ಹೇಳಿರ್ಲಿಲ್ವಾ?"

"ಬಾಯಲ್ಲಿ ಹೇಳಿದ್ದೆ. ಅಷ್ಟು ಸಾಲದು. ಎರಡನ್ನೂ ಹಾರಿಸಿದೋರು ಹೊಸಬರ ಕಣ್ಣು ಕಟ್ಟಿ, ನಿಂತ ವಿಮಾನದಲ್ಲೇ ಕೂರಿಸಿ, ಕೈ ಹಳೇ ರೂಢಿ ಮರೆಯೋವರೆಗೂ ಮಾಡಿಸ್ಬೇಕು. ಇಲ್ಲಿನ ಪದ್ಧತಿ ಅದು. ಮಾಡಿಸಿದೀನಿ ಅಂತ ಸಹಿ ಹಾಕ್ದೆ."

"ಮಾಡಿಸಿರ್ಲಿಲ್ಲ."

"ಅವನೇ ಕಣ್ಣಿಗೆ ಬಟ್ಟೆ ಕಟ್ಕೊಂಡು ಕಾಕ್‌ಪಿಟ್‌ನಲ್ಲಿ ಕಾಯ್ತಾ ಕೂತಿದ್ದ. ಎರಡು ಸಲ ಕರೆದ, ಭಾವ ಬನ್ನಿ ಅಂತ. ಇಲ್ಲಿ ಜನ ನನ್ನ ಮಾತಿಗೆ ನಗ್ತಾ ಇದ್ರು... ನಾನು ಏಳ್ಲಿಲ್ಲ."